ಮಂಜರಾಬಾದು ಸೀಮೆಯಲ್ಲಿ ಮದ್ಯದ ಸನ್ನದು

ಮದ್ಯದ ವ್ಯಾಪಾರವನ್ನು ಕುರಿತ ಕಾನೂನುಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ರಾಜಧಾನಿಯಿಂದಲೇ ಆರಂಭಿಸುತ್ತಾರೆ. ಶಾಸನಗಳು ರಚಿತವಾಗುವುದೂ ವರಮಾನದ ಲೆಕ್ಕ ಕೂಡಿಬರುವುದೂ ಅಲ್ಲಿಯೇ ಆದುದರಿಂದ ಇದು ಸಹಜವೇ ಆಗಿದೆ. ಆದರೆ ಒಂದು ಶಾಸನದ ಸ್ವಭಾವ ಚೆನ್ನಾಗಿ ತಿಳಿಯಬೇಕಾದರೆ ಅದರ ಅಧಿಕಾರ ಮುಗಿದು ಇನ್ನೊಂದರ ಅಧಿಕಾರ ತೊಡಗುವ ಎಲ್ಲೆಯಲ್ಲಿ ನಿಂತು ನೋಡುವುದು ಲೇಸು. ಹಾಸನ ಜಿಲ್ಲೆಯ ಪಶ್ಚಿಮದಂಚಿನಲ್ಲಿರುವ ದೋಣಿಗಲ್ ಅಂಥದೊಂದು ಸ್ಥಳ. ಇಲ್ಲಿಂದ ಮುಂದಕ್ಕೆ ಶಿರಾಡಿ ಘಟ್ಟ. ಅದರ ಕೆಳಗೆ ದಕ್ಷಿಣ ಕನ್ನಡ. ಹಿಂದೆ ಮಂಜರಾಬಾದು ಎಂದು ಹೆಸರಾಗಿದ್ದ ಸಕಲೇಶಪುರ ತಾಲ್ಲೂಕು, ಅದಕ್ಕೆ ಹೊಂದಿಕೊಂಡ ಆಲೂರು ಸೀಮೆ ಇವುಗಳನ್ನು ಮುಂದಿಟ್ಟುಕೊಂಡು, ಮದ್ಯವನ್ನು ಮಾರಲು ಸರ್ಕಾರ ಕೊಡುತ್ತ ಬಂದಿರುವ ಅನುಮತಿಯ ಸ್ವರೂಪ ಹೇಗೆ ಬದಲಾಯಿತೆಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಬಯಸುತ್ತೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಬಕಾರಿ ಕಾನೂನು ನೇರವಾಗಿ ಕುಡಿಯುವವನನ್ನು ಆಳಲು ಪ್ರಯತ್ನಿಸಿದುದು ಬಹಳ ಅಪರೂಪ. ಅದು ಆಳಿದುದು ಸ್ಥಳವನ್ನು. ಮೊದಲು ಮರವನ್ನು ಎಣಿಸಿತು. ಆಮೇಲೆ ಭಟ್ಟಿಯನ್ನು ಎಣಿಸಿತು. ಆಮೇಲೆ ಅಂಗಡಿಯನ್ನೂ ಕೊಠಡಿಯನ್ನೂ ಎಣಿಸಿತು. ಈಗ ರಸ್ತೆಯಿಂದ ಅಂಗಡಿಗಿರುವ ದೂರವನ್ನು ಎಣಿಸುತ್ತಿದೆ. ಹೀಗೆ ಎಣಿಕೆಯ ವಸ್ತು ಬದಲಾದಾಗಲೆಲ್ಲ ಒಂದು ವರ್ಗದ ಜನಕ್ಕೆ ಅನುಕೂಲವಾಯಿತು, ಇನ್ನೊಂದು ವರ್ಗದ ಮೇಲೆ ಭಾರ ಬಿತ್ತು. ಈ ಭಾರ ಯಾರ ಮೇಲೆ ಬಿತ್ತೆಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

೧. ಸೀಮೆಯ ಸ್ವರೂಪ

ಸಕಲೇಶಪುರ ಹೇಮಾವತಿ ನದಿಯ ದಂಡೆಯಲ್ಲಿದೆ. ಹೇಮಾವತಿಯ ನೀರು ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ದೋಣಿಗಲ್ಲನ್ನು ದಾಟಿ ಘಟ್ಟವಿಳಿಯತೊಡಗಿದರೆ ಕೆಂಪುಹೊಳೆ ಸಿಕ್ಕುತ್ತದೆ. ಅದರ ನೀರು ಪಶ್ಚಿಮಕ್ಕೆ ಹರಿದು ಕೊನೆಗೆ ನೇತ್ರಾವತಿಯ ಪಾಲಾಗುತ್ತದೆ. ನೀರು ಎರಡಾಗಿ ಒಡೆಯುವ ಈ ದಿಣ್ಣೆಯ ಮೇಲೆಯೇ ೧೭೯೨ರಲ್ಲಿ ಟಿಪ್ಪು ಸುಲ್ತಾನನು ಎಂಟು ಮೂಲೆಗಳ ನಕ್ಷತ್ರಾಕಾರದ ಮಂಜರಾಬಾದು ಕೋಟೆಯನ್ನು ಕಟ್ಟಿಸಿದನು. ಕರಾವಳಿಯಿಂದ ಮೇಲಕ್ಕೆ ಬರುವ ದಾರಿಯನ್ನು ಕಾಯುವುದು ಅದರ ಉದ್ದೇಶ. ೧೭೯೯ರಲ್ಲಿ ಟಿಪ್ಪು ಮಡಿದ ಬಳಿಕ ಕೆನರಾ ಪ್ರಾಂತ ಇಂಗ್ಲಿಷ್ ಕಂಪನಿಯ ವಶಕ್ಕೆ ಹೋಯಿತು. ಘಟ್ಟದ ಮೇಲಿನ ಸೀಮೆ ಮೈಸೂರು ಸಂಸ್ಥಾನದಲ್ಲಿ ಉಳಿಯಿತು. ಬಲಂ ಸೀಮೆಯ ಪಾಳೆಯಗಾರನ ಪ್ರತಿಭಟನೆ ೧೮೦೨ರಲ್ಲಿ ಅಡಗಿದ ಮೇಲೆ ಈ ಏರ್ಪಾಡು ಸ್ಥಿರವಾಯಿತು. ಅಂದಿನಿಂದ ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ, ಎಂದರೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ, ಘಟ್ಟದ ಮೇಲೆ ಒಂದು ಸರ್ಕಾರ, ಕೆಳಗೆ ಇನ್ನೊಂದು ಸರ್ಕಾರ ನಡೆದುಬಂದವು. ದಕ್ಷಿಣಕ್ಕೆ ಬಿಸಿಲೆಯ ಕಡೆ ಕೊಡಗಿನ ಎಲ್ಲೆಯೂ ಬಂದು ಸೇರುತ್ತಿದ್ದುದರಿಂದ, ಕೆಲವೇ ಮೈಲಿಗಳ ಅಂತರದಲ್ಲಿ ಮೂರು ಬಗೆಯ ಆಡಳಿತಗಳು ಎದುರುಬದುರಾಗಿದ್ದವು.

ಈ ಎಲ್ಲೆಯನ್ನು ಜನರು ದಿನನಿತ್ಯವೂ ದಾಟುತ್ತಿದ್ದರು. ಮಂಜರಾಬಾದಿನ ಕಾಫಿ ಹದವಾಗುವುದಕ್ಕೂ ಹಡಗು ಹತ್ತುವುದಕ್ಕೂ ಮಂಗಳೂರಿಗೆ ಇಳಿಯಬೇಕಾಗಿತ್ತು. ತೋಟದ ಕೆಲಸಕ್ಕೆ ಘಟ್ಟದ ಕೆಳಗಿನಿಂದ ಆಳುಗಳು ಮೇಲಕ್ಕೆ ಬರುತ್ತಿದ್ದರು. ಗಾಡಿಯವರೂ ಆಳುಗಳೂ ಒಂದು ಕಾನೂನಿನಿಂದ ಇನ್ನೊಂದಕ್ಕೆ ನಡೆದುಹೋಗುತ್ತಿದ್ದ ಈ ದಾರಿಯಲ್ಲಿ ಮದ್ಯದ ಕಾನೂನಿನ ಬಲವೂ ದೌರ್ಬಲ್ಯವೂ ಒಟ್ಟಿಗೆ ಕಾಣಬರುತ್ತವೆ.

೨. ಮರ ಮತ್ತು ಭಟ್ಟಿ

ಟಿಪ್ಪುವಿನ ಆಜ್ಞೆಗಳಲ್ಲಿ ಮದ್ಯನಿಷೇಧವೂ ಒಂದಾಗಿತ್ತು. ಆಡಳಿತಗಾರನೊಬ್ಬನು ಅಬಕಾರಿಯ ಆದಾಯವನ್ನು ಬಿಟ್ಟುಕೊಟ್ಟು ನಿಷೇಧಕ್ಕೆ ಕೈಯಿಕ್ಕಿದ ಉದಾಹರಣೆಯೆಂದು ಇದು ಗಮನಾರ್ಹವಾದುದು. ಅವನ ಅನಂತರ ಹಳೆಯ ಪದ್ಧತಿಯೇ ಮರಳಿ ಬಂದಿತು. ಅದು ಇಜಾರೆಯ ಪದ್ಧತಿ. ಇಂತಿಷ್ಟು ಹಣ ಕೊಡುವೆನೆಂದು ಒಪ್ಪಿದ ಗುತ್ತಿಗೆದಾರನಿಗೆ ಒಂದು ಸೀಮೆಯಲ್ಲಿ ಹೆಂಡವನ್ನೂ ಸಾರಾಯಿಯನ್ನೂ ಮಾರುವ ಹಕ್ಕನ್ನು ಸರ್ಕಾರ ಒಟ್ಟಾಗಿ ವಹಿಸಿಕೊಡುತ್ತಿತ್ತು. ಆತನು ಯಾರಿಂದ ಎಷ್ಟು ವಸೂಲು ಮಾಡಿದನೆಂಬುದು ಸರ್ಕಾರದ ಚಿಂತೆಯಾಗಿರಲಿಲ್ಲ. ೧೮೩೧ರಿಂದ ೧೮೮೧ರವರೆಗೆ ಮೈಸೂರು ಇಂಗ್ಲಿಷ್ ಕಮಿಷನರುಗಳ ಆಡಳಿತದಲ್ಲಿದ್ದಾಗ ಈ ಒಟ್ಟು ಗುತ್ತಿಗೆಯನ್ನು ಕ್ರಮೇಣ ಬಿಡಿಸಿ, ಹೆಂಡಕ್ಕೆ ಬೇರೆ, ಸಾರಾಯಿಗೆ ಬೇರೆ ವ್ಯವಸ್ಥೆಗಳನ್ನು ಮಾಡುವ ಪ್ರಯತ್ನ ನಡೆಯಿತು.

ಈ ವಿಂಗಡಣೆಗೆ ಕಾರಣವಾದುದು ಪದಾರ್ಥಗಳ ಗುಣವೇ. ಹೆಂಡ ಮರದಿಂದಿಳಿದ ಕೆಲವು ಗಂಟೆಗಳಲ್ಲಿ ಹುಳಿಯುತ್ತದೆ. ಅದನ್ನು ಬಹುದೂರ ಸಾಗಿಸುವಂತಿಲ್ಲ, ಕೂಡಿಡುವಂತಿಲ್ಲ. ಆದುದರಿಂದ ಹೆಂಡದಂಗಡಿ ಮರದ ಹತ್ತಿರವೇ ಇರಬೇಕು. ಸಾರಾಯಿ ಹಾಗಲ್ಲ. ಭಟ್ಟಿಯಿಳಿಸಿದ ಸಾರಾಯಿ ಕೆಡದೆ ನಿಲ್ಲುತ್ತದೆ. ಪೀಪಾಯಿಯಲ್ಲಿ ತುಂಬಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಹೀಗಾಗಿ ಹೆಂಡದ ವಿಷಯದಲ್ಲಿ ಸರ್ಕಾರ ಮರಕ್ಕೆ ತೆರಿಗೆ ಹಾಕಿತು. ಸಾರಾಯಿಯ ವಿಷಯದಲ್ಲಿ ಹಳ್ಳಿಹಳ್ಳಿಯ ಭಟ್ಟಿಗಳನ್ನು ನಿಲ್ಲಿಸಿ, ತನ್ನ ಕಣ್ಣೆದುರಿನ ಕೆಲವೇ ಭಟ್ಟಿಗಳಿಗೆ ತಯಾರಿಕೆಯನ್ನು ಸೀಮಿತಗೊಳಿಸಿತು. ತಯಾರಿಸುವವನು ಒಬ್ಬ, ಮಾರುವವನು ಮತ್ತೊಬ್ಬ ಎಂಬ ಭೇದ ಹುಟ್ಟಿದುದು ಇಲ್ಲಿಯೇ. ಇಂದಿನ ಅಬಕಾರಿ ಕಾನೂನಿನ ತಳಹದಿಯೂ ಇದೇ ಭೇದವೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಮೈದಾನ ಸೀಮೆಯ ಹೆಂಡದ ಮರ ಈಚಲು. ಅದು ಹಳ್ಳದ ಬದಿಯಲ್ಲಿ, ಕೆರೆಯ ಕೆಳಗೆ ಗುಂಪುಗುಂಪಾಗಿ ಬೆಳೆಯುತ್ತದೆ. ಈಚಲುವನವೆಂದು ಒಟ್ಟಾಗಿ ಗುರುತಿಸಬಹುದು, ಎಣಿಸಬಹುದು, ಗುತ್ತಿಗೆಗೆ ಕೊಡಬಹುದು. ಮಲೆನಾಡಿನ ಮರ ಬೈನೆ. ಇದನ್ನು ಬಗನಿಯೆಂದೂ ಕರೆಯುತ್ತಾರೆ. ಇದು ವನವಾಗಿ ಬೆಳೆಯುವ ಮರವಲ್ಲ. ತೇವದ ಕಾಡಿನಲ್ಲಿ, ಕಣಿವೆಯ ಇಳಿಜಾರಿನಲ್ಲಿ, ಕಾಫಿ ತೋಟದ ನೆರಳುಮರಗಳ ನಡುವೆ ಅಲ್ಲೊಂದು ಇಲ್ಲೊಂದು ನಿಂತಿರುತ್ತದೆ. ಬೆಳವಣಿಗೆ ಪೂರ್ತಿಯಾದ ಮೇಲೆ ತುದಿಯಿಂದ ಕೆಳಮುಖವಾಗಿ ಹೊಂಬಾಳೆಗಳನ್ನು ಬಿಡುತ್ತ ಕೆಲವು ವರ್ಷ ಬದುಕಿ ಬಳಿಕ ಒಣಗಿಹೋಗುತ್ತದೆ. ಇಂಥ ಮರಗಳನ್ನು ಗುರುತು ಹಾಕಿ ಲೆಕ್ಕವಿಡುವುದು ಮೈದಾನದ ಈಚಲನ್ನು ಲೆಕ್ಕವಿಟ್ಟಷ್ಟು ಸುಲಭವಲ್ಲ. ಮೈದಾನದ ಅನುಭವದಿಂದ ರೂಪುಗೊಂಡ ನಿಯಮ ಮಲೆಯನ್ನು ಹತ್ತುವಾಗ ಸಡಿಲವಾದುದಕ್ಕೆ ಈ ಮರದ ಸ್ವಭಾವವೂ ಒಂದು ಕಾರಣ. ತನ್ನ ಹಿತ್ತಿಲಿನ ಬೈನೆಯಿಂದ ಹೆಂಡವಿಳಿಸುವುದು ಮನೆಯ ವಾಡಿಕೆಯೆಂದು ಊರವನು ಭಾವಿಸಿದರೆ, ಅದೇ ಮರ ಸರ್ಕಾರದ ದೃಷ್ಟಿಯಲ್ಲಿ ತೆರಿಗೆಯ ವಸ್ತುವಾಯಿತು. ವಾಡಿಕೆ ಅಪರಾಧವಾಗಿ ಮಾರ್ಪಡುವ ಪ್ರಕ್ರಿಯೆ ಇಲ್ಲಿಂದ ಆರಂಭವಾಯಿತೆನ್ನಬಹುದು.

೩. ತೋಟ, ಕ್ಲಬ್ಬು, ಅಂಗಡಿ

ಮಂಜರಾಬಾದಿನಲ್ಲಿ ಯೂರೋಪಿಯನರ ಕಾಫಿ ತೋಟಗಳು ೧೮೪೦ರ ದಶಕದಲ್ಲಿ ಆರಂಭವಾದವು. ಅವರಲ್ಲಿ ರಾಬರ್ಟ್ ಎಲಿಯಟ್ ಎಂಬಾತನು ೧೮೫೦ರ ದಶಕದಲ್ಲಿ ಇಲ್ಲಿಗೆ ಬಂದು ನೆಲೆಸಿ, ೧೮೭೧ರಲ್ಲಿ ಒಂದು, ೧೮೯೪ರಲ್ಲಿ ಮತ್ತೊಂದು ಗ್ರಂಥವನ್ನು ಪ್ರಕಟಿಸಿದನು. ಈ ಸೀಮೆಯ ಒಕ್ಕಲು ಜನರ ಜೀವನವನ್ನು ಹತ್ತಿರದಿಂದ ಕಂಡ ಆತನು ಜಾತಿಯ ಕಟ್ಟುಪಾಡು ಕುಡಿತಕ್ಕೆ ತಡೆಯಾಗಿ ನಿಂತಿದೆಯೆಂದು ವಾದಿಸುತ್ತಾನೆ. ತೋಟದ ಒಡೆಯನ ದೃಷ್ಟಿಯಿಂದ ಬರೆದ ಮಾತೆಂಬುದನ್ನು ಮರೆಯದೆ ಓದಿದರೂ ಈ ವಾದದಲ್ಲಿ ಒಂದು ಐತಿಹಾಸಿಕ ಸೂಚನೆಯಿದೆ. ಊರಿನ ಕಟ್ಟಳೆ, ಗೌಡನ ಮಾತು, ದಂಡ ಇವು ಸರ್ಕಾರದ ಸನ್ನದಿಗಿಂತ ಹಿಂದಿನಿಂದಲೂ ಇದ್ದ ನಿಯಂತ್ರಣಗಳು. ಅವು ಮನುಷ್ಯನನ್ನು ನೋಡುತ್ತಿದ್ದವು. ಸನ್ನದು ಅಂಗಡಿಯನ್ನು ನೋಡಿತು.

ತೋಟಗಳು ಹೆಚ್ಚಿದಂತೆ ಊರಿನ ಕಟ್ಟಳೆಗೆ ಒಳಪಡದ ಜನಸಮುದಾಯವೊಂದು ಬೆಳೆಯಿತು. ಮೇಸ್ತ್ರಿಯಿಂದ ಮುಂಗಡ ಪಡೆದು ಬಂದು ಕೂಲಿಲೈನುಗಳಲ್ಲಿ ಇಳಿದುಕೊಂಡ ಆಳು ತನ್ನ ಊರಿನಿಂದ ದೂರವಾಗಿದ್ದನು. ಅವನ ಕೈಗೆ ವಾರಕ್ಕೊಮ್ಮೆ ನಗದು ಹಣ ಬರುತ್ತಿತ್ತು. ಸಂತೆಯೂ ಸಾರಾಯಿ ಅಂಗಡಿಯೂ ಒಂದೇ ದಾರಿಯಲ್ಲಿದ್ದವು. ಮಳೆ, ಚಳಿ, ಜಿಗಣೆಗಳ ನಡುವೆ ದುಡಿಯುವವನಿಗೆ ಕುಡಿತ ದಣಿವಾರಿಸುವ ಉಪಾಯವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಅದೇ ಕುಡಿತ ಮುಂಗಡದ ಸಾಲವನ್ನು ತೀರದಂತೆ ಮಾಡಿತೆಂಬುದೂ ಅಷ್ಟೇ ನಿಜ.

ಇದಕ್ಕೆ ಎದುರಾಗಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ತೋಟದ ಒಡೆಯರು ಸಕಲೇಶಪುರದಲ್ಲಿ ತಮ್ಮದೇ ಆದ ಮಂಜರಾಬಾದ್ ಕ್ಲಬ್ಬನ್ನು ಸ್ಥಾಪಿಸಿಕೊಂಡರು. ಕ್ಲಬ್ಬಿನ ಪಾನಕೊಠಡಿ ಸದಸ್ಯರಿಗೆ ಮಾತ್ರ. ಅದು ಬಾಗಿಲು ಹಾಕಿದ ಸ್ಥಳ; ಅಂಗಡಿ ಬಾಗಿಲು ತೆರೆದ ಸ್ಥಳ. ಕಾನೂನು ಮುಂದೆ ಕ್ಲಬ್ಬಿಗೆ ಒಂದು, ಅಂಗಡಿಗೆ ಒಂದು ಎಂದು ಬೇರೆ ಬೇರೆ ಸನ್ನದುಗಳನ್ನು ಏರ್ಪಡಿಸಿದಾಗ, ಸಮಾಜದಲ್ಲಿ ಆಗಲೇ ಬೇರೂರಿದ್ದ ಈ ಭೇದಕ್ಕೆ ಅಕ್ಷರರೂಪ ಬಂದಿತಷ್ಟೆ.

೪. ಮೇಲೆ ಒಂದು ಕಾನೂನು, ಕೆಳಗೆ ಒಂದು ಕಾನೂನು

ಘಟ್ಟದ ಕೆಳಗೆ ೧೮೮೬ರ ಮದರಾಸು ಅಬಕಾರಿ ಕಾಯಿದೆ ನಡೆಯುತ್ತಿತ್ತು. ಘಟ್ಟದ ಮೇಲೆ ೧೯೦೧ನೆಯ ಇಸವಿಯ ಐದನೆಯ ರೆಗ್ಯುಲೇಷನ್, ಎಂದರೆ ಮೈಸೂರು ಅಬಕಾರಿ ಕಾಯಿದೆ, ಜಾರಿಗೆ ಬಂದಿತು. ಎರಡರ ಹಂದರ ಹೆಚ್ಚು ಕಡಿಮೆ ಒಂದೇ. ಪರವಾನಿಗೆಯಿಲ್ಲದೆ ತಯಾರಿಸಬಾರದು, ಸಾಗಿಸಬಾರದು, ಮಾರಬಾರದು. ಮಾರುವ ಹಕ್ಕನ್ನು ಸರ್ಕಾರ ಹರಾಜಿನಲ್ಲಿ ಕೊಡಬಹುದು. ಸುಂಕವನ್ನು ಭಟ್ಟಿಯ ಬಾಗಿಲಲ್ಲಿಯೇ ವಸೂಲು ಮಾಡಬಹುದು. ಆದರೆ ಸುಂಕದ ದರ, ಅಂಗಡಿಗಳ ಸಂಖ್ಯೆ, ಮಾರಾಟದ ಹೊತ್ತು ಇವುಗಳನ್ನು ಆಯಾ ಸರ್ಕಾರ ತನ್ನ ಅನುಕೂಲಕ್ಕೆ ತಕ್ಕಂತೆ ಗೊತ್ತುಮಾಡುತ್ತಿತ್ತು. ಎಲ್ಲೆಯ ಎರಡು ಕಡೆಗಳಲ್ಲಿ ದರ ಬೇರೆಯಾದಾಗ ಅಗ್ಗದ ಕಡೆಯಿಂದ ದುಬಾರಿಯ ಕಡೆಗೆ ಮದ್ಯ ಹರಿಯುವುದು ಲೋಕದ ನಿಯಮ. ಘಟ್ಟದಲ್ಲಿ ದೊಡ್ಡ ರಸ್ತೆ ಒಂದಾದರೆ ಕಾಲುದಾರಿಗಳು ಅನೇಕ. ಆದುದರಿಂದ ಎಲ್ಲೆಯ ಅಬಕಾರಿ ಕಾವಲು ಯಾವಾಗಲೂ ರಸ್ತೆಯ ಕಾವಲಾಗಿಯೇ ಉಳಿಯಿತು, ಕಾಡಿನ ಕಾವಲಾಗಲಿಲ್ಲ.

ರಾಷ್ಟ್ರೀಯ ಚಳವಳಿ ಪಾನನಿರೋಧವನ್ನು ತನ್ನ ಕಾರ್ಯಕ್ರಮದಲ್ಲಿ ಸೇರಿಸಿಕೊಂಡ ಮೇಲೆ ಈ ವ್ಯತ್ಯಾಸ ಇನ್ನಷ್ಟು ತೀವ್ರವಾಯಿತು. ರಾಜಾಜಿಯವರ ಮಂತ್ರಿಮಂಡಲ ೧೯೩೭ರಲ್ಲಿ ಮದರಾಸು ಪಾನನಿರೋಧ ಕಾಯಿದೆಯನ್ನು ತಂದು ಸೇಲಂ ಜಿಲ್ಲೆಯಲ್ಲಿ ಮೊದಲು ಜಾರಿಗೊಳಿಸಿತು. ೧೯೪೮ರ ಅಕ್ಟೋಬರ್ ೨ರ ಹೊತ್ತಿಗೆ ಆ ನಿಷೇಧ ಇಡೀ ಪ್ರಾಂತಕ್ಕೆ ವಿಸ್ತರಿಸಿತು. ಕಾಸರಗೋಡೂ ಸೇರಿದಂತೆ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯೆಲ್ಲ ನಿಷೇಧದೊಳಗಾಯಿತು. ಮೈಸೂರು ಸರ್ಕಾರವೂ ೧೯೪೮ರಲ್ಲಿ ಪಾನನಿರೋಧದ ಶಾಸನವನ್ನು ಮಾಡಿತಾದರೂ, ಅದನ್ನು ಒಮ್ಮೆಗೇ ಎಲ್ಲೆಡೆ ಹರಡದೆ ಜಿಲ್ಲೆ ಜಿಲ್ಲೆಯಾಗಿ ಅನ್ವಯಿಸುವ ಮಾರ್ಗವನ್ನು ಹಿಡಿಯಿತು. ಕೊಡಗಿನ ನಡೆ ಮತ್ತೆ ಬೇರೆ. ಹೀಗೆ ಪಾನನಿರೋಧವೂ ಕೂಡ ವ್ಯಕ್ತಿಗೆ ಸಂಬಂಧಿಸಿದ ನೀತಿಯಾಗುವ ಬದಲು ಭೂಪಟದ ಬಣ್ಣಕ್ಕೆ ಸಂಬಂಧಿಸಿದ ನೀತಿಯಾಯಿತು. ಸಂವಿಧಾನದ ೪೭ನೆಯ ಅನುಚ್ಛೇದ ಮದ್ಯನಿಷೇಧದ ಕಡೆಗೆ ಪ್ರಯತ್ನಿಸುವಂತೆ ರಾಜ್ಯಕ್ಕೆ ನಿರ್ದೇಶನ ಕೊಟ್ಟಿತು. ಅದೇ ಸಂವಿಧಾನದ ಏಳನೆಯ ಅನುಸೂಚಿ ಮದ್ಯದ ಮೇಲಿನ ಸುಂಕವನ್ನು ರಾಜ್ಯಗಳ ಆದಾಯದ ಬಾಬಾಗಿ ಇರಿಸಿತು. ಎರಡು ಉದ್ದೇಶಗಳೂ ಒಂದೇ ಗ್ರಂಥದಲ್ಲಿ ನೆಲೆಗೊಂಡವು.

೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡ, ಕೊಡಗು, ಮೈಸೂರು ಒಂದೇ ರಾಜ್ಯದಲ್ಲಿ ಕೂಡಿದವು. ಕಾಸರಗೋಡು ಮಾತ್ರ ಕೇರಳಕ್ಕೆ ಸೇರಿತು. ರಾಜ್ಯಗಳು ಒಂದಾದರೂ ಕಾನೂನುಗಳು ಆ ದಿನವೇ ಒಂದಾಗಲಿಲ್ಲ. ಬದಲಾವಣೆ ಮಾಡುವವರೆಗೆ ಆಯಾ ಪ್ರದೇಶದ ಹಳೆಯ ಕಾನೂನು ಆಯಾ ಪ್ರದೇಶದಲ್ಲಿ ಮುಂದುವರಿಯತಕ್ಕುದೆಂಬುದು ಪುನರ್ವಿಂಗಡಣೆ ಕಾಯಿದೆಯ ವಿಧಿ. ಆದುದರಿಂದ ಮಂಗಳೂರಿನ ಕಡೆ ಮದರಾಸಿನ ಕಾಯಿದೆ, ಬೆಳಗಾವಿ ಧಾರವಾಡಗಳ ಕಡೆ ೧೯೪೯ರ ಮುಂಬಯಿ ಪಾನನಿರೋಧ ಕಾಯಿದೆ, ಕಲಬುರಗಿಯ ಕಡೆ ಹೈದರಾಬಾದಿನ ಅಬಕಾರಿ ಕಾಯಿದೆ, ಹಾಸನದಲ್ಲಿ ಮೈಸೂರಿನ ಕಾಯಿದೆ ಹೀಗೆ ಒಂದೇ ಸರ್ಕಾರ ಹಲವು ಕಾನೂನುಗಳನ್ನು ನಡೆಸಬೇಕಾಯಿತು. ದೋಣಿಗಲ್ಲಿನ ಆಚೆಯ ಎಲ್ಲೆ ರಾಜಕೀಯವಾಗಿ ಅಳಿಸಿಹೋದ ಮೇಲೂ ಅಬಕಾರಿಯ ಮಟ್ಟಿಗೆ ಹಲವು ವರ್ಷ ಜೀವಂತವಾಗಿತ್ತು.

೫. ಏಕೀಕೃತ ಶಾಸನ ಮತ್ತು ಎರಡು ಬಗೆಯ ಹಕ್ಕು

೧೯೬೫ರ ಮೈಸೂರು ಅಬಕಾರಿ ಅಧಿನಿಯಮ (೧೯೬೬ರ ೨೧ನೆಯ ಅಧಿನಿಯಮ) ಈ ಗೊಂದಲವನ್ನು ಕೊನೆಗಾಣಿಸಿತು. ಇದೇ ಇಂದು ಕರ್ನಾಟಕ ಅಬಕಾರಿ ಅಧಿನಿಯಮವೆಂದು ಹೆಸರಾಗಿದೆ. ೧೯೬೭ರಲ್ಲಿ ನಿಜಲಿಂಗಪ್ಪನವರ ಸರ್ಕಾರ ಪಾನನಿರೋಧವನ್ನು ಕೈಬಿಟ್ಟಾಗ ರಾಜ್ಯದುದ್ದಕ್ಕೂ ಸನ್ನದಿನ ಪದ್ಧತಿಯನ್ನು ಹೊಸದಾಗಿ ಕಟ್ಟಬೇಕಾಯಿತು. ಅದಕ್ಕಾಗಿ ಮೂರು ನಿಯಮಾವಳಿಗಳು ಒಂದರ ಹಿಂದೊಂದು ಹೊರಟವು. ೧೯೬೭ರದು ಎಲ್ಲ ಸನ್ನದುಗಳಿಗೂ ಸಾಮಾನ್ಯವಾದ ಷರತ್ತುಗಳನ್ನು ಹೇಳಿತು. ೧೯೬೮ರದು ಭಾರತೀಯ ಮತ್ತು ವಿದೇಶೀ ಮದ್ಯಗಳ ಮಾರಾಟವನ್ನು ಕುರಿತದ್ದು. ೧೯೬೯ರದು ಚಿಲ್ಲರೆ ಮಾರಾಟದ ಹಕ್ಕನ್ನು ಗುತ್ತಿಗೆಗೆ ಕೊಡುವುದನ್ನು ಕುರಿತದ್ದು. ಸಾರಾಯಿ ಮತ್ತು ಹೆಂಡಗಳ ವ್ಯಾಪಾರ ಇದರಂತೆ ನಡೆಯಿತು.

ಕೊನೆಯ ಎರಡರ ನಡುವಣ ವ್ಯತ್ಯಾಸವನ್ನು ಸೂಕ್ಷ್ಮವಾಗಿ ಗಮನಿಸಬೇಕು. ಬಾಟಲಿಯ ಮದ್ಯವನ್ನು ಮಾರುವವನಿಗೆ ನಿಗದಿಯಾದ ಶುಲ್ಕದ ಮೇಲೆ, ವರ್ಷವರ್ಷವೂ ನವೀಕರಿಸಬಹುದಾದ ಸನ್ನದು ದೊರೆಯುತ್ತಿತ್ತು. ಸಾರಾಯಿ ಮಾರುವವನು ಹರಾಜಿನಲ್ಲಿ ಎಲ್ಲರಿಗಿಂತ ಮೇಲೆ ಕೂಗಬೇಕಾಗಿತ್ತು. ಕೂಗಿದ ಹಣವನ್ನು ವರ್ಷದೊಳಗೆ ಗಿಟ್ಟಿಸಿಕೊಳ್ಳಬೇಕಾಗಿತ್ತು. ಮೊದಲನೆಯವನ ಹಿತ ಅಂಗಡಿ ಬಹುಕಾಲ ಉಳಿಯುವುದರಲ್ಲಿತ್ತು. ಎರಡನೆಯವನ ಹಿತ ಈ ವರ್ಷ ಆದಷ್ಟೂ ಹೆಚ್ಚು ಮಾರುವುದರಲ್ಲಿತ್ತು. ಸಾರಾಯಿಯ ಗಿರಾಕಿ ಕೂಲಿಕಾರನಾದುದರಿಂದ, ಹರಾಜಿನ ಮೊತ್ತದ ಏರಿಕೆ ಕೊನೆಗೆ ಅವನ ಕೂಲಿಯ ಮೇಲೆಯೇ ಬಂದು ನಿಂತಿತು. ಹಳೆಯ ಇಜಾರೆಯ ಗುಣ ಹೊಸ ಶಾಸನದಲ್ಲಿಯೂ ಬಡವನ ಮದ್ಯದ ವಿಷಯದಲ್ಲಿ ಮಾತ್ರ ಮುಂದುವರಿಯಿತೆನ್ನಲು ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಾಗಿಲ್ಲ.

೧೯೬೮ರ ನಿಯಮಾವಳಿಯ ಸನ್ನದುಗಳನ್ನು ಇಂದಿಗೂ ಸಿ.ಎಲ್. ಎಂಬ ಅಕ್ಷರಗಳೊಡನೆ ಸಂಖ್ಯೆ ಸೇರಿಸಿ ಗುರುತಿಸುತ್ತಾರೆ. ಸಿ.ಎಲ್. ೨ ಚಿಲ್ಲರೆ ಅಂಗಡಿಗೆ ಸಂಬಂಧಿಸಿದ್ದು. ಕೊಂಡವನು ಒಯ್ಯಬೇಕು, ಅಲ್ಲಿಯೇ ಕುಡಿಯುವಂತಿಲ್ಲ. ಸಿ.ಎಲ್. ೯ ಉಪಾಹಾರ ಕೊಠಡಿಗೆ, ಎಂದರೆ ಜನರು ಬಾರ್ ಎಂದು ಕರೆಯುವ ಸ್ಥಳಕ್ಕೆ. ಅಲ್ಲಿ ಕುಳಿತು ಕುಡಿಯಬಹುದು. ಸಿ.ಎಲ್. ೭ ವಸತಿಯುಳ್ಳ ಹೋಟೆಲಿಗೆ, ಸಿ.ಎಲ್. ೪ ಕ್ಲಬ್ಬಿಗೆ, ಸಿ.ಎಲ್. ೫ ಒಂದೆರಡು ದಿನದ ಸಮಾರಂಭಕ್ಕೆ. ಮದ್ಯ ಒಂದೇ ಆದರೂ ಅದನ್ನು ಕುಡಿಯುವ ಕೊಠಡಿಗನುಸಾರ ಹಕ್ಕು ಬೇರೆಯಾಗುತ್ತದೆ. ಕೊಠಡಿಯಿರುವ ಊರಿನ ಜನಸಂಖ್ಯೆಗನುಸಾರ ಶುಲ್ಕವೂ ಬೇರೆಯಾಗುತ್ತದೆ. ೧೯೯೨ರ ಬಳಿಕ ಸಾಮಾನ್ಯವಾಗಿ ಸಿ.ಎಲ್. ೨ ಮತ್ತು ಸಿ.ಎಲ್. ೯ರ ಹೊಸ ಸನ್ನದುಗಳನ್ನು ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಅದರ ಪರಿಣಾಮವಾಗಿ ಹಳೆಯ ಸನ್ನದುಗಳೇ ಬೆಲೆಬಾಳುವ ಆಸ್ತಿಯಂತಾದವು.

ಆಸ್ತಿಯಂತೆ ಕಂಡರೂ ಅದು ಹಕ್ಕಲ್ಲ. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ೧೯೯೪ರಲ್ಲಿ, ಮದ್ಯದ ವ್ಯಾಪಾರ ಮಾಡುವುದು ಯಾರೊಬ್ಬರ ಮೂಲಭೂತ ಹಕ್ಕೂ ಅಲ್ಲವೆಂದು ಎತ್ತಿಹಿಡಿಯಿತು. ರಾಜ್ಯ ಅದನ್ನು ಪೂರ್ಣವಾಗಿ ನಿಷೇಧಿಸಬಹುದು, ತಾನೇ ನಡೆಸಬಹುದು, ಇಲ್ಲವೆ ಷರತ್ತಿನ ಮೇಲೆ ಇತರರಿಗೆ ಬಿಡಬಹುದು. ಸನ್ನದು ಎಂಬ ಶಬ್ದಕ್ಕೆ ಮೊದಲು ಇದ್ದ ಅರ್ಥ ದೊರೆಯು ಅನುಗ್ರಹಿಸಿ ಕೊಟ್ಟ ಪತ್ರವೆಂದು. ಅಬಕಾರಿ ಇಲಾಖೆ ಆ ಹಳೆಯ ಶಬ್ದವನ್ನೇ ಉಳಿಸಿಕೊಂಡಿರುವುದು ಆಕಸ್ಮಿಕವಾಗಿರಬಹುದಾದರೂ ಅರ್ಥಕ್ಕೆ ಒಪ್ಪುವಂತಿದೆ.

೬. ದೂರದ ಲೆಕ್ಕ

೧೯೬೭ರ ಸಾಮಾನ್ಯ ಷರತ್ತುಗಳ ನಿಯಮಾವಳಿ ಕಾಲಕ್ರಮದಲ್ಲಿ ತಿದ್ದುಪಡಿ ಹೊಂದುತ್ತ ಬಂದಿದೆ. ಅದರ ಐದನೆಯ ನಿಯಮ ಸ್ಥಳದ ಆಯ್ಕೆಗೆ ಸಂಬಂಧಿಸಿದ್ದು. ದೇವಾಲಯ ಮೊದಲಾದ ಧಾರ್ಮಿಕ ಸ್ಥಳ, ವಿದ್ಯಾಸಂಸ್ಥೆ, ಆಸ್ಪತ್ರೆ, ಸರ್ಕಾರಿ ಕಚೇರಿ ಇವುಗಳಿಂದ ೧೦೦ ಮೀಟರಿನೊಳಗೆ ಮದ್ಯದಂಗಡಿಯಿರಬಾರದು. ಪರಿಶಿಷ್ಟ ಜಾತಿ ಪಂಗಡಗಳವರು ಹೆಚ್ಚಾಗಿ ವಾಸಿಸುವ ಕೇರಿಯಲ್ಲಿರಬಾರದು. ರಾಷ್ಟ್ರೀಯ ಅಥವಾ ರಾಜ್ಯ ಹೆದ್ದಾರಿಯ ನಡುಭಾಗದಿಂದ ೨೨೦ ಮೀಟರಿನೊಳಗಿರಬಾರದು ಎಂಬುದು ಅದರ ಸಾರಾಂಶ. ಸಂಸ್ಥೆಗಳಿಂದ ದೂರವನ್ನು ಅಳೆಯುವಾಗ ಗಾಳಿಯಲ್ಲಿ ಗೆರೆ ಎಳೆದು ಅಳೆಯುವುದಿಲ್ಲ; ಅಂಗಡಿಯ ಬಾಗಿಲಿನ ನಡುವಿನಿಂದ, ಪಾದಚಾರಿ ಸಾಮಾನ್ಯವಾಗಿ ನಡೆಯುವ ಸಮೀಪದ ದಾರಿಯಲ್ಲಿ ಅಳೆಯುತ್ತಾರೆ. ಬಯಲುಸೀಮೆಯಲ್ಲಿ ಈ ಎರಡು ಅಳತೆಗಳಿಗೆ ಹೆಚ್ಚು ಅಂತರವಿರಲಾರದು. ಮಲೆನಾಡಿನಲ್ಲಿ ಶಾಲೆ ಒಂದು ದಿಣ್ಣೆಯ ಮೇಲೆ, ಅಂಗಡಿ ಅದರ ಕೆಳಗಿನ ತಿರುವಿನಲ್ಲಿ ಇದ್ದರೆ ಕೂಗಿದರೆ ಕೇಳುವ ದೂರವೂ ನಡೆದರೆ ೧೦೦ ಮೀಟರನ್ನು ಮೀರಬಹುದು. ನಿಯಮ ಪಾಲನೆಯಾಗುತ್ತದೆ, ಅದರ ಉದ್ದೇಶ ಪಾಲನೆಯಾಗುವುದಿಲ್ಲ.

ಹೆದ್ದಾರಿಯ ಪ್ರಶ್ನೆ ದೇಶಕ್ಕೆಲ್ಲ ದೊಡ್ಡದಾಗಿ ಎದುರಾದುದು ೨೦೧೬ರಲ್ಲಿ. ಕುಡಿದು ವಾಹನ ನಡೆಸುವುದರಿಂದಾಗುವ ಸಾವುಗಳನ್ನು ಮುಂದಿಟ್ಟುಕೊಂಡು ತಮಿಳುನಾಡು ಸರ್ಕಾರ ಮತ್ತು ಕೆ. ಬಾಲು ಎಂಬವರ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವರ್ಷದ ಡಿಸೆಂಬರ್ ೧೫ರಂದು, ಹೆದ್ದಾರಿಗಳಿಂದ ೫೦೦ ಮೀಟರಿನೊಳಗೆ ಮದ್ಯ ಮಾರಕೂಡದೆಂದು ಆಜ್ಞಾಪಿಸಿತು. ೨೦೧೭ರ ಮಾರ್ಚ್ ೩೧ರ ಆದೇಶದಲ್ಲಿ, ೨೦,೦೦೦ ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳ ಪ್ರದೇಶದಲ್ಲಿ ಈ ದೂರವನ್ನು ೨೨೦ ಮೀಟರಿಗೆ ಇಳಿಸಿತು. ಬಾರುಗಳಿಗೂ ಆದೇಶ ಅನ್ವಯಿಸುತ್ತದೆಂದು ಸ್ಪಷ್ಟಪಡಿಸಿತು. ಕರ್ನಾಟಕದ ಅಬಕಾರಿ ವರ್ಷ ಜುಲೈಯಿಂದ ಜೂನ್ ವರೆಗಿನದಾದುದರಿಂದ ೨೦೧೭ರ ಜುಲೈ ೧ರಿಂದ ಇಲ್ಲಿ ಅದರ ಬ���ಸಿ ತಟ್ಟಿತು. ನಗರಸಭೆ ಮೊದಲಾದವುಗಳ ಎಲ್ಲೆಯೊಳಗಿನ ಅಂಗಡಿಗಳಿಗೆ ಅಡ್ಡಿಯಿಲ್ಲವೆಂಬ ವಿವರಣೆ ೨೦೧೭ರ ಜುಲೈ ೧೧ರಂದು ಬಂದಿತು. ೨೦೧೮ರ ಫೆಬ್ರುವರಿ ೨೩ರಂದು, ಪಂಚಾಯಿತಿ ಪ್ರದೇಶಗಳಲ್ಲಿಯೂ ಪಟ್ಟಣದ ಲಕ್ಷಣಗಳಿರುವ ಕಡೆ ತೀರ್ಮಾನಿಸುವ ಅಧಿಕಾರವನ್ನು ನ್ಯಾಯಾಲಯ ರಾಜ್ಯಗಳಿಗೇ ಬಿಟ್ಟಿತು. ಈ ನಡುವೆ ಕೇರಳದ ಒಂದು ಬಾರು ತನ್ನ ಬಾಗಿಲಿಗೆ ಸುತ್ತುಸುತ್ತಾದ ಗೋಡೆದಾರಿಯನ್ನು ಕಟ್ಟಿ ದೂರವನ್ನು ಬೆಳೆಸಿಕೊಂಡ ಸಂಗತಿ ಪತ್ರಿಕೆಗಳಲ್ಲಿ ಪ್ರಸಿದ್ಧವಾಯಿತು. ಅಲ್ಲಿ ಗೋಡೆ ಮಾಡಿದುದನ್ನು ಮಲೆನಾಡಿನಲ್ಲಿ ಗುಡ್ಡವೇ ಮಾಡುತ್ತದೆ.

ಬೆಂಗಳೂರು ಮಂಗಳೂರು ಹೆದ್ದಾರಿ ಪಾಳ್ಯ, ಬಾಳ್ಳುಪೇಟೆಗಳ ಮಾರ್ಗವಾಗಿ ಸಕಲೇಶಪುರಕ್ಕೆ ಬಂದು ದೋಣಿಗಲ್ಲಿನ ಮೂಲಕ ಘಟ್ಟವನ್ನಿಳಿಯುತ್ತದೆ. ಹಿಂದೆ ೪೮ನೆಯದೆಂದು ಕರೆಯುತ್ತಿದ್ದ ಇದು ಇಂದು ೭೫ನೆಯ ರಾಷ್ಟ್ರೀಯ ಹೆದ್ದಾರಿ. ಪಟ್ಟಣಕ್ಕೆ ಪಟ್ಟಣವೆಂಬ ಕಾರಣದಿಂದ ದೊರೆಯುವ ವಿನಾಯಿತಿ ದೋಣಿಗಲ್ಲಿನಂಥ ಹಳ್ಳಿಗೆ ತಾನಾಗಿ ದೊರೆಯುವುದಿಲ್ಲ. ಗುಡ್ಡವನ್ನು ಕಡಿದು ಮಾಡಿದ ರಸ್ತೆಯಿಂದ ೨೨೦ ಮೀಟರ್ ಒಳಕ್ಕೆ ಸರಿದರೆ ಸಿಕ್ಕುವುದು ಕಾಫಿ ತೋಟ, ಕಣಿವೆ, ಕಾಡು, ಇಲ್ಲವೆ ಊರಿನ ಒಳಭಾಗ. ರಸ್ತೆಯ ಬದಿಯಿಂದ ಅಂಗಡಿಯನ್ನು ಎಬ್ಬಿಸಿದರೆ ಅದು ಹೋಗಬಹುದಾದ ದಾರಿ ಜನವಸತಿಯ ಕಡೆಗೇ. ಲಾರಿ ನಡೆಸುವವನ ಕಣ್ಣಿನಿಂದ ಮರೆಯಾದ ಅಂಗಡಿ ತೋಟದ ಆಳಿನ ಮನೆಗೆ ಹತ್ತಿರವಾಗುತ್ತದೆ. ಘಟ್ಟದ ತಿರುವುಗಳಲ್ಲಿ ಮತ್ತೇರಿದ ಚಾಲಕನು ತಂದೊಡ್ಡುವ ಅಪಾಯ ಎಷ್ಟು ನಿಜವೋ, ಸಂಜೆಯ ಕೂಲಿ ಮನೆ ಮುಟ್ಟದಿರುವ ಅಪಾಯವೂ ಅಷ್ಟೇ ನಿಜ. ಮೊದಲನೆಯದನ್ನು ಮೀಟರಿನಲ್ಲಿ ಅಳೆಯಬಹುದು. ಎರಡನೆಯದನ್ನು ಅಳೆಯುವ ಕೋಲು ನಿಯಮಾವಳಿಯಲ್ಲಿಲ್ಲ.

೭. ಸಾರಾಯಿಯ ಅಂತ್ಯ ಮತ್ತು ಅನಂತರ

೨೦೦೭ರ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷಿದ್ಧವಾಯಿತು. ಹರಾಜಿನ ಪದ್ಧತಿ ತಂದಿದ್ದ ಕೇಡನ್ನು ನೆನೆದರೆ ಇದು ಸ್ವಾಗತಾರ್ಹವೇ. ಇದಕ್ಕೆ ಮೊದಲೇ, ೨೦೦೩ರಲ್ಲಿ, ಸರ್ಕಾರ ಕರ್ನಾಟಕ ರಾಜ್ಯ ಪಾನೀಯ ನಿಗಮವನ್ನು ಸ್ಥಾಪಿಸಿ ಬಾಟಲಿಯ ಮದ್ಯದ ಸಗಟು ವ್ಯಾಪಾರವನ್ನು ತನ್ನ ಕೈಗೆ ತೆಗೆದುಕೊಂಡಿತ್ತು. ಸಾರಾಯಿ ಹೋದ ಮೇಲೆ ಅದನ್ನು ಕುಡಿಯುತ್ತಿದ್ದವನು ಕುಡಿತವನ್ನು ಬಿಡುವುದಕ್ಕೆ ಬದಲಾಗಿ ಅಗ್ಗದ ಬಾಟಲಿ ಮದ್ಯಕ್ಕೆ, ಚಿಕ್ಕ ಪೊಟ್ಟಣದ ಮದ್ಯಕ್ಕೆ ಹೊರಳಿದುದು ಹಲವೆಡೆ ಕಂಡುಬಂದಿತು. ಸನ್ನದುಳ್ಳ ಅಂಗಡಿ ದೂರದ ಪೇಟೆಯಲ್ಲಿ, ಬೇಡಿಕೆ ಹಳ್ಳಿಯಲ್ಲಿ. ಈ ನಡುವಣ ಅಂತರವನ್ನು ತುಂಬಿದುದು ಕಿರಾಣಿ ಅಂಗಡಿಯ ಹಿಂಬದಿಯ ಅಕ್ರಮ ಮಾರಾಟ. ಅಲ್ಲಿ ಬೆಲೆ ಹೆಚ್ಚು, ಹೊತ್ತಿನ ಮಿತಿಯಿಲ್ಲ, ವಯಸ್ಸಿನ ವಿಚಾರಣೆಯಿಲ್ಲ. ೨೦೧೯ರ ಜನವರಿಯಲ್ಲಿ ಮದ್ಯನಿಷೇಧವನ್ನು ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ ಗ್ರಾಮೀಣ ಮಹಿಳೆಯರ ದೂರುಗಳಲ್ಲಿ ಇದೂ ಒಂದು.

ಇನ್ನೊಂದು ಸಂಗತಿಯನ್ನು ಇದರೊಡನೆ ಇಟ್ಟು ನೋಡಬೇಕು. ೨೦೧೭ರ ಜುಲೈ ೧ರಂದು ದೇಶಾದ್ಯಂತ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಕುಡಿಯುವ ಮದ್ಯವನ್ನು ಅದರ ಹೊರಗಿಡಲಾಯಿತು. ರಾಜ್ಯಗಳು ಸ್ವತಂತ್ರವಾಗಿ ದರ ಗೊತ್ತುಮಾಡಬಹುದಾದ ಕೆಲವೇ ಬಾಬುಗಳಲ್ಲಿ ಮದ್ಯವೂ ಒಂದಾಗಿ ಉಳಿಯಿತು. ಹೆದ್ದಾರಿಯ ಅಂಗಡಿಗಳನ್ನು ಎಬ್ಬಿಸಬೇಕಾದ ದಿನವೇ, ಆ ಅಂಗಡಿಗಳಿಂದ ಬರುವ ಸುಂಕ ಸರ್ಕಾರಕ್ಕೆ ಮೊದಲಿಗಿಂತ ಹೆಚ್ಚು ಬೇಕಾದುದಾಯಿತು. ನಿಯಂತ್ರಣ, ವರಮಾನ ಎಂಬ ಎರಡು ಉದ್ದೇಶಗಳು ಇಜಾರೆಯ ಕಾಲದಿಂದಲೂ ಒಂದೇ ಪತ್ರದಲ್ಲಿ ಒಟ್ಟಿಗೆ ವಾಸವಾಗಿವೆ. ಒಂದು ಇನ್ನೊಂದನ್ನು ಹೊರದೂಡಿದ ಕಾಲ ಟಿಪ್ಪುವಿನ ಆಜ್ಞೆಯ ಮತ್ತು ೧೯೪೮ರ ಅನಂತರದ ಪಾನನಿರೋಧದ ಕಾಲ ಮಾತ್ರ. ಅವೆರಡೂ ಸ್ಥಿರವಾಗಿ ನಿಲ್ಲಲಿಲ್ಲ.

ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಸನ್ನದಿನ ಪದ್ಧತಿ ವ್ಯರ್ಥವೆಂದು ಯಾರೂ ತಿಳಿಯಬಾರದು. ಸನ್ನದು ಇಲ್ಲದಿದ್ದಲ್ಲಿ ಕಳ್ಳಭಟ್ಟಿಯ ವಿಷ, ಅಳತೆಯ ಮೋಸ, ಗುತ್ತಿಗೆದಾರನ ದರ್ಪ ಇವು ಇನ್ನೂ ಹೆಚ್ಚುತ್ತಿದ್ದವು. ಮಾರುವ ಹೊತ್ತನ್ನೂ ಕೊಳ್ಳುವವನ ವಯಸ್ಸನ್ನೂ ಗೊತ್ತುಮಾಡಿ, ತಪ್ಪಿದವನನ್ನು ಹೊಣೆಗಾರನನ್ನಾಗಿ ಹಿಡಿಯಲು ಸಾಧ್ಯವಾಗುವುದು ಸನ್ನದುದಾರನೊಬ್ಬನಿದ್ದಾಗಲೇ. ನಾವು ಹೇಳುವುದು ಇಷ್ಟು: ಸನ್ನದು ತಾನು ಎಣಿಸಬಲ್ಲುದನ್ನು ಮಾತ್ರ ಆಳುತ್ತದೆ. ಮೈದಾನದ ಈಚಲುವನವನ್ನು ಎಣಿಸಿತು, ಮಲೆಯ ಬೈನೆ ತಪ್ಪಿಸಿಕೊಂಡಿತು. ರಸ್ತೆಯ ಅಂಗಡಿಯನ್ನು ಎಣಿಸಿತು, ಹಿಂಬಾಗಿಲ ಮಾರಾಟ ತಪ್ಪಿಸಿಕೊಂಡಿತು. ಹೆದ್ದಾರಿಯಿಂದ ದೂರವನ್ನು ಎಣಿಸಿತು, ಕೂಲಿಲೈನಿನಿಂದ ದೂರವನ್ನು ಎಣಿಸಲಿಲ್ಲ. ಪರಿಶಿಷ್ಟರ ಕೇರಿಯನ್ನು ಕುರಿತ ಷರತ್ತನ್ನು ಬರೆದವರಿಗೆ ಬಡವನ ವಸತಿಗೂ ರಕ್ಷಣೆ ಬೇಕೆಂಬ ಅರಿವಿತ್ತು. ಅದೇ ಅರಿವನ್ನು ತೋಟದ ಕಾರ್ಮಿಕರ ವಸತಿಗೂ ವಿಸ್ತರಿಸುವುದು ಅಸಾಧ್ಯವೇನಲ್ಲ. ಸನ್ನದು ಕೊಡುವ ಮೊದಲು ಆ ವಸತಿಯ ಹೆಂಗಸರ ಮಾತನ್ನು ಗ್ರಾಮಸಭೆಯಲ್ಲಿ ಕೇಳುವುದೂ ಕಷ್ಟವಲ್ಲ.

ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ತಾಲ್ಲೂಕುಗಳ ಅಬಕಾರಿ ದಾಖಲೆಗಳನ್ನೂ ಹಿರಿಯರ ನೆನಪುಗಳನ್ನೂ ಜೊತೆಗಿಟ್ಟು ಪರಿಶೀಲಿಸಿದರೆ, ಶಾಸನದ ಗ್ರಂಥದಲ್ಲಿ ಕಾಣದ ಇಂಥ ಅನೇಕ ಸಂಗತಿಗಳು ಬೆಳಕಿಗೆ ಬಂದಾವು. ಹೆಂಡದ ಮರವೆಲ್ಲಿತ್ತು, ಅಂಗಡಿ ಎಲ್ಲಿಂದ ಎಲ್ಲಿಗೆ ಸರಿಯಿತು, ಹರಾಜಿನಲ್ಲಿ ಕೂಗಿದವರು ಯಾರು, ತೆತ್ತವರು ಯಾರು ಎಂಬ ನಾಲ್ಕು ಪ್ರಶ್ನೆಗಳಿಂದ ತೊಡಗಿದರೆ ಸಾಕು.